ಹಾಳೆ ಬಿಟ್ಟು ಹಲಗೆಯ ಮೇಲೆ

ಸೊಪ್ಪಿನ ಬೆಟ್ಟದಲ್ಲಿ ದರಕಿನ ಮೇಲೆ ಅಡಿಕೆ ಹಾಳೆ ಹಾಕಿಕೊಂಡು ಜಾರಿದವರಿಗೆ ಸ್ಕೀಯಿಂಗ್ ಅಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಸಿದ್ದಾಪುರದ ಕಡೆಯ ನಮ್ಮೂರಿನಲ್ಲಿ ಶಿವರಾತ್ರಿ ಹೊತ್ತಿಗೆ ಬೆಟ್ಟದ ತುಂಬ ದರಕು ಬಿದ್ದಿರುತ್ತಿತ್ತು. ತೋಟಕ್ಕೆ ಹೋಗಿ ಒಳ್ಳೆಯ ಹಾಳೆ ಹುಡುಕಿ ತರುವುದೇ ಅರ್ಧ ಆಟ. ಹಸಿ ಇದ್ದರೆ ಭಾರ, ಜಾರುವುದಿಲ್ಲ. ಪೂರ್ತಿ ಒಣಗಿದ್ದರೆ ಮೊದಲ ಕಲ್ಲಿಗೇ ಸೀಳುತ್ತದೆ. ಉದುರಿ ಎರಡು ಮೂರು ದಿನ ಆಗಿರಬೇಕು, ನಡು ಮೆತ್ತಗಿದ್ದು ಅಂಚು ಬಿರುಸಾಗಿರಬೇಕು. ಅಣ್ಣ ಯಾವಾಗಲೂ ಎಲ್ಲಕ್ಕಿಂತ ಅಗಲದ್ದನ್ನು ಹಿಡಿಯುತ್ತಿದ್ದ, ಅವನ ಮೈಗೆ ಅದು ಸರಿ. ಒಂದು ದಿನ ಹಟ ಮಾಡಿ ಅದನ್ನೇ ಕಸಿದುಕೊಂಡು ಕೂತೆ. ನಾಲ್ಕು ಮಾರು ಹೋಗುವಷ್ಟರಲ್ಲಿ ಹಾಳೆ ಅಡ್ಡ ತಿರುಗಿತು, ನಾನು ಮತ್ತಿ ಮರದ ಬುಡದಲ್ಲಿ ನಿಂತೆ. ಹಣೆಯ ಎಡಗಡೆ ಗುರುತು ಇನ್ನೂ ಇದೆ.

ಅದೇ ತಪ್ಪನ್ನು ಮೂವತ್ತು ವರ್ಷದ ಮೇಲೆ ಅಮೆರಿಕದ ಕೊಲರಾಡೊದಲ್ಲಿ, ಎರಡು ಕ್ವಿಂಟಲ್ ಚಾಲಿ ಅಡಿಕೆಯ ದುಡ್ಡು ಸುರಿದು, ಮತ್ತೆ ಮಾಡಿದೆ.

ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ವಿಡಿಯೊ ಕಾಲ್‌ನಲ್ಲಿ ಕಂಡಾಗ ಆಯಿ ಹೇಳಿದ್ದು: ‘ನಿಂಗೆ ಮಳ್ಳನೇ ಕೂಸೆ? ಅಷ್ಟು ದುಡ್ಡು ಕೊಟ್ಟು ಜಾರಿ ಬೀಳಲೆ ಅಲ್ಲಿಗೆ ಹೋಗಕ್ಕಾಗಿತ್ತ? ಇಲ್ಲೇ ತೋಟದ ಸಂಕದ ಮೇಲೆ ಪುಕ್ಸಟೆ ಬೀಳ್ಲಾಗಿತ್ತು.’ ಹಿಂದಿನಿಂದ ಅಪ್ಪಯ್ಯನ ದನಿ ಬಂತು: ‘ಒಟ್ಟೂ ಎಷ್ಟು ಬಿತ್ತೇ ಅದಕ್ಕೆ?’ ನಾನು ಅರ್ಧ ಹೇಳಿ ಅರ್ಧ ನುಂಗಿದೆ.

ಆಗಿದ್ದು ಇಷ್ಟು. ಡೆನ್ವರಿಗೆ ಹೋಗಿ ನೆಲೆಸಿದ ಮೇಲೆ, ನಲವತ್ತರ ಹೊಸ್ತಿಲಲ್ಲಿ ಸ್ಕೀ ಕಲಿಯಲು ಶುರು ಮಾಡಿದೆ. ಮಕ್ಕಳನ್ನು ತರಗತಿಗೆ ಬಿಟ್ಟು ಕೆಳಗೆ ಕಾಫಿ ಕುಡಿಯುತ್ತ ಕೂರುವುದು ಎರಡು ಚಳಿಗಾಲಕ್ಕೇ ಬೇಸರ ತಂದಿತ್ತು. ಮೊದಲ ಮೂರು ವರ್ಷ ಬಾಡಿಗೆ ಸ್ಕೀ. ಅಲ್ಲಿ ಇಳಿಜಾರುಗಳಿಗೆ ಬಣ್ಣದ ಗುರುತು ಇರುತ್ತದೆ. ಹಸಿರು ವೃತ್ತ ಸುಲಭದ್ದು, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಷ್ಟದ್ದು. ಹಸಿರು ನೀರು ಕುಡಿದಷ್ಟು ಸಲೀಸಾಗಿತ್ತು, ನೀಲಿಯಲ್ಲಿ ಧೈರ್ಯ ಬಂದಿತ್ತು, ಕಪ್ಪಿನ ತುದಿಯಲ್ಲಿ ನಿಂತರೆ ಮಾತ್ರ ಹೊಟ್ಟೆಯೊಳಗೆ ತಣ್ಣಗಾಗುತ್ತಿತ್ತು. ಸ್ವಂತ ಸ್ಕೀ ಬೇಕು ಅನ್ನಿಸುವುದು ಸರಿಯಾಗಿ ಇಲ್ಲೇ. ಅಂಗಡಿಯವರಿಗೂ ಇದು ಗೊತ್ತು.

ಅಂಗಡಿಯ ಹುಡುಗ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, 168 ಸೆಂಟಿಮೀಟರ್ ಉದ್ದದ, ನಡುವಿನಲ್ಲಿ 100 ಮಿಲಿಮೀಟರ್ ಅಗಲದ ಜೋಡಿಯನ್ನು ಕೈಗಿಟ್ಟ. ನನ್ನ ಎತ್ತರ 157 ಸೆಂಟಿಮೀಟರ್. ‘ಇವತ್ತಿಗೆ ಸ್ವಲ್ಪ ದೊಡ್ಡದು ಅನ್ನಿಸಬಹುದು, ನೀವು ಬೆಳೆದ ಹಾಗೆ ಸರಿಹೋಗುತ್ತೆ’ ಎಂದ. ನಮ್ಮಲ್ಲಿ ಜೂನ್ ತಿಂಗಳಲ್ಲಿ ಶಾಲೆಯ ಯೂನಿಫಾರಂ ಹೊಲಿಸುವಾಗ ದರ್ಜಿಗೆ ಹೇಳುವ ಮಾತು ಅದು. ಬೆಳೆಯುವ ಮಕ್ಕಳು, ಒಂದಿಂಚು ಬಿಟ್ಟು ಹೊಲಿ. ಐದನೇ ಕ್ಲಾಸಿನ ಮಾಣಿ ಬೆಳೆಯುತ್ತಾನೆ ಸರಿ, ನಲವತ್ತು ದಾಟಿದ ನಾನು ಎಲ್ಲಿಗೆ ಬೆಳೆಯಲಿ? ಆ ಹೊತ್ತಿಗೆ ಇದು ಹೊಳೆಯಲಿಲ್ಲ. ಹೊಗಳಿಕೆಯ ಹಾಗೆ ಕೇಳಿಸಿತು, ದುಡ್ಡು ಕೊಟ್ಟು ಬಂದೆ.

ಬೆಳಿಗ್ಗೆ ಹೊಸ ಹಿಮದಲ್ಲಿ ಅದು ದೋಣಿಯ ಹಾಗೆ ತೇಲಿತು, ಸುಳ್ಳು ಹೇಳುವುದಿಲ್ಲ. ಮಧ್ಯಾಹ್ನ ಜನ ಓಡಾಡಿ ಹಿಮ ಗಟ್ಟಿಯಾದ ಮೇಲೆ ನೋಡಬೇಕು ಅದರ ವೇಷ. ಎಡಕ್ಕೆ ತಿರುಗಿಸಿದರೆ ಒಂದು ಕ್ಷಣ ಯೋಚನೆ ಮಾಡುತ್ತಿತ್ತು. ಆ ಒಂದು ಕ್ಷಣದಲ್ಲಿ ನಾನು ಹತ್ತು ಮಾರು ಕೆಳಗೆ. ಮೂರನೇ ವಾರ ಹಿಂದಕ್ಕೆ ವಾಲಿ ಬಿದ್ದೆ, ಬಲ ಮೊಣಕಾಲು ತಿರುಚಿತು. ಹರಿಯಲಿಲ್ಲ, ಬರೀ ಉಳುಕು. ಆರು ವಾರ ಮನೆಯಲ್ಲಿ ಕೂತಾಗ ಸ್ಕೀ ಎಂಬ ವಸ್ತು ಏನು, ಅದನ್ನು ಹೇಗೆ ಆರಿಸಬೇಕು ಎಂದು ಓದುತ್ತ ಹೋದೆ. ಆಮೇಲೆ ಎರಡು ಚಳಿಗಾಲ ಕಂಡಕಂಡ ಜೋಡಿಗಳನ್ನು ಬಾಡಿಗೆಗೆ ತೆಗೆದು ಇಳಿದು ನೋಡಿದೆ. ಇಲ್ಲಿ ಬರೆಯುತ್ತಿರುವುದು ಅದರ ಲೆಕ್ಕ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಓದುಗರಿಗೆ ಇದನ್ನು ಯಾಕೆ ಹೇಳಬೇಕು ಎಂದರೆ ಕಾರಣ ಎರಡು. ನಮ್ಮ ನೆಂಟರಿಷ್ಟರಲ್ಲಿ ಮಗಳೋ ಸೊಸೆಯೋ ತಣ್ಣನೆ ದೇಶದಲ್ಲಿರುವ ಮನೆಗಳು ಈಗ ಕಡಿಮೆಯೇನಲ್ಲ. ಜನವರಿ ಬಂತೆಂದರೆ ಹೆಲ್ಮೆಟ್ಟು, ದಪ್ಪ ಕನ್ನಡಕ ಹಾಕಿಕೊಂಡ ಫೋಟೊ ಮನೆಯ ಗ್ರೂಪಿಗೆ ಬೀಳುತ್ತದೆ, ಇತ್ತ ಕೊನೆ ಕೊಯ್ಲಿನ ಫೋಟೊ ಅತ್ತ ಹೋಗುತ್ತದೆ. ಇನ್ನೊಂದು, ಇಲ್ಲಿಂದಲೇ ಮನಾಲಿಗೂ ಗುಲ್ಮಾರ್ಗ್‌ಗೂ ಹೊರಡುವ ಹುಡುಗಿಯರು ಕಾಣಿಸುತ್ತಿದ್ದಾರೆ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಸ್ಕೀ ಅಂದರೆ ಎರಡು ಹಲಗೆ. ಆದರೆ ನೆಟ್ಟಗಿನ ಹಲಗೆ ಅಲ್ಲ. ಮೇಲಿನಿಂದ ನೋಡಿದರೆ ಡಮರುವನ್ನು ಎಳೆದು ಉದ್ದ ಮಾಡಿದ ಹಾಗಿರುತ್ತದೆ, ಮೂತಿ ಅಗಲ, ನಡು ಸಪೂರ, ಬಾಲ ಮತ್ತೆ ಅಗಲ. ಈ ಕೊರೆತದಿಂದಾಗಿಯೇ ಅದು ತಿರುಗುತ್ತದೆ. ಅಂಚಿನ ಮೇಲೆ ವಾಲಿಸಿ ನಿಂತರೆ ಸಾಕು, ಆ ಬಾಗಿದ ಅಂಚು ತನ್ನ ದಾರಿಯನ್ನು ತಾನೇ ಗೀರಿಕೊಂಡು ಹೋಗುತ್ತದೆ. ನಾರ್ವೆಯ ಟೆಲಿಮಾರ್ಕ್ ಸೀಮೆಯ ಸೋಂಡ್ರೆ ನೋರ್‌ಹೈಮ್ ಹತ್ತೊಂಬತ್ತನೇ ಶತಮಾನದಲ್ಲೇ ನಡು ಸಪೂರ ಮಾಡಿದ ಸ್ಕೀ ಹಾಕಿಕೊಂಡು ಇಳಿದು ತೋರಿಸಿದವರು. ಆದರೂ ಇಪ್ಪತ್ತನೇ ಶತಮಾನದ ಕೊನೆಯವರೆಗೆ ಕೊರೆತ ಅಷ್ಟಕ್ಕಷ್ಟೇ ಇತ್ತು, ಆಳಿಗಿಂತ ಎಷ್ಟೋ ಉದ್ದದ, ಎರಡು ಮೀಟರಿನ ಹಲಗೆಗಳನ್ನು ತಿರುಗಿಸಲು ತೋಳು ತೊಡೆ ಎಲ್ಲ ಬೇಕಾಗುತ್ತಿತ್ತು. 1993ರಲ್ಲಿ ಸ್ಲೊವೇನಿಯಾದ ಎಲಾನ್ ಕಂಪನಿ ಎಸ್‌ಸಿಎಕ್ಸ್ ಎಂಬ ಆಳವಾದ ಕೊರೆತದ ಸ್ಕೀ ತಂದಿತು. ಹತ್ತು ವರ್ಷದಲ್ಲಿ ಹಳೆಯ ನೆಟ್ಟನೆ ಹಲಗೆಗಳು ಅಟ್ಟ ಸೇರಿದವು. ನನ್ನಂಥವರು ನಲವತ್ತರಲ್ಲಿ ಕಲಿಯಲು ಸಾಧ್ಯವಾಗಿದ್ದು ಆ ಕೊರೆತದಿಂದ.

ಅಡ್ಡದಿಂದ ನೋಡಿದರೆ ಇನ್ನೊಂದು ಗುಟ್ಟು. ನೆಲದ ಮೇಲೆ ಇಟ್ಟಾಗ ನಡುಭಾಗ ಚೂರು ಮೇಲೆದ್ದಿರುತ್ತದೆ, ಅದಕ್ಕೆ ಕ್ಯಾಂಬರ್ ಎನ್ನುತ್ತಾರೆ. ನಿಂತರೆ ಒತ್ತಿಕೊಂಡು ಅಂಚು ಉದ್ದಕ್ಕೂ ಹಿಮ ಕಚ್ಚುತ್ತದೆ. ಮೂತಿಯ ಹತ್ತಿರ ಬಹಳ ಮುಂಚಿತವಾಗಿಯೇ ಮೇಲಕ್ಕೆ ಬಾಗಿದ್ದರೆ ಅದು ರಾಕರ್. ಇದು ಬಂದದ್ದು ನೀರಿನಿಂದ. 2002ರಲ್ಲಿ ಶೇನ್ ಮೆಕಾಂಕಿ ಎಂಬ ಸಾಹಸಿ, ನೀರಿನ ಮೇಲೆ ಜಾರುವ ಹಲಗೆಯ ಬಾಗನ್ನು ಹಿಮಕ್ಕೆ ತಂದು ‘ಸ್ಪ್ಯಾಟುಲಾ’ ಎಂಬ ಬಾಳೆಹಣ್ಣಿನ ಆಕಾರದ ಸ್ಕೀ ಮಾಡಿಸಿದ. ಜನ ನಕ್ಕರು. ಈಗ ಅಂಗಡಿಯಲ್ಲಿರುವ ಹೆಚ್ಚಿನ ಆಲ್-ಮೌಂಟನ್ ಸ್ಕೀಗಳ ಮೂತಿಯಲ್ಲಿ ಅವನ ಆ ಬಾಗು ಅಷ್ಟಿಷ್ಟು ಇದ್ದೇ ಇದೆ. ಅಘನಾಶಿನಿಯ ಬಾಯಲ್ಲಿ ದೋಣಿಯ ಮೂತಿ ಯಾಕೆ ಎತ್ತಿರುತ್ತದೋ ಇದೂ ಅದಕ್ಕೇ, ಎದುರಿಗೆ ಬಂದದ್ದನ್ನು ಸೀಳುವ ಬದಲು ಹತ್ತಲಿಕ್ಕೆ.

ಆಲ್-ಮೌಂಟನ್ ಎಂಬ ಹೆಸರೇ ಸ್ವಲ್ಪ ದೊಡ್ಡ ಬಾಯಿಯದು. ಇಡೀ ಪರ್ವತಕ್ಕೆ ಒಂದೇ ಹಲಗೆ ಎಂಬ ಭರವಸೆ. ಮನೆಯ ಕತ್ತಿಗಳನ್ನು ನೆನೆಸಿಕೊಂಡರೆ ಇದರ ಇತಿಮಿತಿ ಅರ್ಥವಾಗುತ್ತದೆ. ಸೊಪ್ಪು ಕಡಿಯಲು ಒಂದು, ಹುಲ್ಲಿಗೆ ಕುಡುಗೋಲು, ಅಡಿಕೆ ಸುಲಿಯಲು ಮೆಟ್ಟುಗತ್ತಿ. ಒಂದೇ ಕತ್ತಿಯಲ್ಲಿ ಎಲ್ಲ ಮಾಡುತ್ತೇನೆಂದು ಹೊರಟವನ ಕೆಲಸ ಯಾವುದೂ ನುಣ್ಣಗೆ ಆಗುವುದಿಲ್ಲ, ಆದರೆ ದಿನ ದೂಡಲಿಕ್ಕೆ ತೊಂದರೆಯಿಲ್ಲ. ಸ್ಕೀಯಲ್ಲೂ ಹಾಗೆಯೇ. ಯಂತ್ರ ಹಾಯಿಸಿ ಮಟ್ಟ ಮಾಡಿದ ಗಟ್ಟಿ ಹಿಮಕ್ಕೆ ನಡು 70ರಿಂದ 80 ಮಿಲಿಮೀಟರ್ ಇರುವುದು ಚೆಂದ. ಮೊಣಕಾಲುದ್ದದ ಹೊಸ ಹಿಮಕ್ಕೆ 105, 110. ನಡುವಿನ 85ರಿಂದ 95 ಎಲ್ಲದಕ್ಕೂ ಹೊಂದಿಕೊಂಡು ಹೋಗುವ ಅಳತೆ. ಈ ಹತ್ತು ಮಿಲಿಮೀಟರಿನೊಳಗೆ ಎಲ್ಲಿ ನಿಲ್ಲಬೇಕು ಅನ್ನುವುದೇ ನನ್ನಂಥವರ ಪ್ರಶ್ನೆ.

ಇಲ್ಲಿ ಎರಡು ಸಂಗತಿ ಎಳೆದಾಡುತ್ತವೆ. ನನ್ನ ಪಾದ ಸಣ್ಣದು, 23.5 ಸೆಂಟಿಮೀಟರಿನ ಬೂಟು. ಗಟ್ಟಿ ಹಿಮದ ಮೇಲೆ ಸ್ಕೀಯನ್ನು ಅಂಚಿಗೆ ವಾಲಿಸುವಾಗ ಅಂಚು ಪಾದದ ಅಡಿಯಲ್ಲೇ ಇದ್ದರೆ ಹಗುರ. ಅಗಲ ಹೆಚ್ಚಾದಷ್ಟೂ ಅಂಚು ಪಾದದಿಂದ ಹೊರಗೆ ಹೋಗುತ್ತದೆ, ಅದನ್ನು ಎತ್ತುವ ಶ್ರಮವೆಲ್ಲ ಮೊಣಕಾಲಿನ ಮೇಲೆ. ಮೆತ್ತನೆ ಹಿಮದಲ್ಲಿ ಇದರ ಉಲ್ಟಾ, ಅಗಲ ಇದ್ದಷ್ಟೂ ತೇಲುತ್ತದೆ. ಆದರೆ ತೇಲುವುದು ತೂಕದ ಲೆಕ್ಕ ಕೂಡ. 55 ಕಿಲೊ ತೂಗುವ ನನ್ನನ್ನು ಹೊರಲು ಬೇಕಾದ ಅಗಲ 85 ಕಿಲೊ ತೂಗುವ ಗಂಡನಿಗೆ ಬೇಕಾದಷ್ಟು ಇರಬೇಕಿಲ್ಲ. ಅವನು 98ರಲ್ಲಿ ತೇಲಿದರೆ ನಾನು 88ರಲ್ಲಿ ತೇಲುತ್ತೇನೆ. ಗಂಡಸರಿಗೆ ಬರೆದ ಸಲಹೆಯನ್ನು ಓದಿಕೊಂಡು ಹೆಂಗಸರು ಅಗಲದ ಸ್ಕೀ ಹಾರಿಸಿಕೊಂಡು ಬರುವುದು ಈ ಲೆಕ್ಕ ಬಿಟ್ಟುಹೋಗುವುದರಿಂದ. ಅಣ್ಣನ ಹಾಳೆ ಅಂದೆನಲ್ಲ, ಅದೇ.

ಊರಿನ ಹಿಮ ಯಾವುದು ಎನ್ನುವುದನ್ನೂ ನೋಡಬೇಕು. ಕೊಲರಾಡೊದ ಹಿಮ ಒಣ, ಹಗುರ, ಹಿಟ್ಟಿನ ಹಾಗೆ ಉದುರುತ್ತದೆ. ಅಲ್ಲಿ 88ರಿಂದ 96 ನಡೆಯುತ್ತದೆ. ಬಾಸ್ಟನ್ ಕಡೆಯ ನನ್ನ ಗೆಳತಿಗೆ ಸಿಗುವುದು ಕರಗಿ ಮತ್ತೆ ಹೆಪ್ಪುಗಟ್ಟಿದ್ದು. ಶ್ರಾವಣದಲ್ಲಿ ಹಾವಸೆ ಹಿಡಿದ ಜಂಬಿಟ್ಟಿಗೆ ಮೆಟ್ಟಿಲಿನ ಹಾಗೆ. ಅವಳಿಗೆ 80ರಿಂದ 86 ಸಾಕು, ಹೆಚ್ಚಾದರೆ ದುಡ್ಡು ಕೊಟ್ಟು ತೊಂದರೆ ತಂದುಕೊಂಡ ಹಾಗೆ.

ಉದ್ದದ ಲೆಕ್ಕ ಇದಕ್ಕಿಂತ ಸುಲಭ. ಸ್ಕೀಯನ್ನು ನೆಟ್ಟಗೆ ನಿಲ್ಲಿಸಿದರೆ ಸುಧಾರಿಸುತ್ತಿರುವವರಿಗೆ ಅದು ಮೂಗಿಗೂ ಹಣೆಗೂ ನಡುವೆ ಬರಬೇಕು. ಗದ್ದಕ್ಕೆ ಬಂದರೆ ಕಲಿಯುವವರದು, ತಲೆ ದಾಟಿದರೆ ಬಿರುಸಾಗಿ ಹೋಗುವವರದು. ಮೂತಿ ಬಾಗಿದ್ದರೆ ಹಿಮಕ್ಕೆ ತಾಗುವ ಭಾಗ ಕಡಿಮೆ, ಆಗ ಎರಡು ಮೂರು ಸೆಂಟಿಮೀಟರ್ ಹೆಚ್ಚು ತೆಗೆದುಕೊಂಡರೂ ಅಡ್ಡಿಯಿಲ್ಲ. ನನ್ನ 168 ನೆತ್ತಿಯ ಮೇಲೆ ಅರ್ಧ ಗೇಣು ಎದ್ದು ನಿಂತಿತ್ತು. ಅಂಗಡಿಯಲ್ಲಿ ನಿಂತು ಅದನ್ನು ನೋಡಿದ ಮೇಲೂ ಕೊಂಡೆ ಅಂದರೆ ತಪ್ಪು ಹುಡುಗನದೊಂದೇ ಅಲ್ಲ.

ಬಾಗುವ ಗುಣದ ಬಗ್ಗೆ ಅಂಕಿ ಇರುವುದಿಲ್ಲ, ಕೈಯಿಂದಲೇ ನೋಡಬೇಕು. ಬಾಲವನ್ನು ನೆಲಕ್ಕೂರಿ, ಮೂತಿ ಹಿಡಿದು, ನಡುವಿಗೆ ಇನ್ನೊಂದು ಕೈಯಿಂದ ಒತ್ತಬೇಕು. ಬೆತ್ತದ ಹಾಗೆ ಸಲೀಸಾಗಿ ಬಗ್ಗಿದರೆ ಅದು ಒಂದೇ ಚಳಿಗಾಲದ ಸಂಗಾತಿ, ವೇಗ ಬಂದ ಕೂಡಲೇ ಮೂತಿ ಪಟಪಟ ಅನ್ನುತ್ತದೆ. ಬಗ್ಗಲೇ ಇಲ್ಲ ಅಂದರೆ ನಿಮ್ಮ ತೂಕಕ್ಕೆ ಅದು ಹಿಮದ ಮೇಲೂ ಬಗ್ಗುವುದಿಲ್ಲ. ಒಳಗೆ ಮರದ ತಿರುಳು ಇರುತ್ತದೆ, ಪಾಪ್ಲರ್, ಬೀಚ್, ಹಗುರ ಬೇಕಿದ್ದರೆ ಪಾಲೋನಿಯಾ. ಅದರ ಮೇಲೆ ಗಾಜಿನ ನಾರು, ಕೆಲವದರಲ್ಲಿ ಟೈಟನಾಲ್ ಎಂಬ ಲೋಹದ ತೆಳು ಹಾಳೆ. ಹೆಸರು ಕೇಳಿ ಟೈಟೇನಿಯಂ ಅಂದುಕೊಂಡು ಹೆಮ್ಮೆಪಡುವವರನ್ನು ಕಂಡಿದ್ದೇನೆ, ಅದು ಮೂಲತಃ ಅಲ್ಯೂಮಿನಿಯಂ ಮಿಶ್ರಲೋಹ. ಲೋಹ ಇದ್ದರೆ ಗಟ್ಟಿ ಹಿಮದಲ್ಲಿ ನಡುಕ ಕಡಿಮೆ, ಹಿಡಿತ ಜಾಸ್ತಿ. ಜೊತೆಗೆ ಭಾರವೂ, ತಪ್ಪು ಮಾಡಿದರೆ ಕ್ಷಮಿಸದ ಸ್ವಭಾವವೂ ಬರುತ್ತದೆ. ಸುಧಾರಿಸುತ್ತಿರುವವರಿಗೆ ಪೂರ್ತಿ ಎರಡು ಹಾಳೆ ಲೋಹ ಬೇಡ. ಪಾದದ ಕೆಳಗೆ ಮಾತ್ರ ಒಂದು ತುಂಡು ಇದ್ದರೆ ಹಿತ.

‘ಹೆಂಗಸರ ಸ್ಕೀ’ ಎಂಬುದು ನಿಜವೋ ಮಾರಾಟದ ಉಪಾಯವೋ? ನನ್ನ ಉತ್ತರ, ಎರಡೂ. ಎಷ್ಟೋ ಕಂಪನಿಗಳು ಬಹಳ ಕಾಲ ಮಾಡಿದ್ದು ಗಂಡಸರ ಸ್ಕೀಯನ್ನು ಗಿಡ್ಡ ಮಾಡಿ, ಹೂವು ಬಳ್ಳಿ ಬರೆದು, ಗುಲಾಬಿ ಬಳಿದದ್ದೇ. ಇನ್ನೊಂದು ಕಡೆ ಅಮೆರಿಕದ ಜೀನಿ ಥೋರೆನ್ ಎಂಬಾಕೆ ದಶಕಗಳ ಕಾಲ ಊರೂರು ಸುತ್ತಿ ಹೇಳಿದ ಮಾತಿದೆ. ಹೆಂಗಸಿನ ದೇಹದ ಭಾರ ಕೆಳಗೂ ಹಿಂದಕ್ಕೂ ಇರುತ್ತದೆ, ಗಂಡಸಿಗೆ ಗುರುತು ಹಾಕಿದ ಜಾಗದಲ್ಲೇ ಬೂಟು ಕೂರಿಸಿದರೆ ಅವಳು ಹುಟ್ಟಾ ಹಿಂದೆ ವಾಲಿಯೇ ಇರುತ್ತಾಳೆ, ಬೂಟು ಹಿಡಿದಿಡುವ ಬೈಂಡಿಂಗ್ ಸ್ವಲ್ಪ ಮುಂದೆ ಸರಿಸಿ ಎಂದು. ಈಗ ಒಳ್ಳೆಯ ಕಂಪನಿಗಳು ಈ ಮಾತಿಗೆ ಬಂದಿವೆ. ತಿರುಳು ಹಗುರ, ಬಾಗು ಮೆದು, ಕೂರಿಸುವ ಗುರುತು ಮುಂದೆ. ಬ್ಲಿಜರ್ಡ್‌ನ ಬ್ಲ್ಯಾಕ್ ಪರ್ಲ್, ನಾರ್ಡಿಕಾದ ಸಾಂತಾ ಆನಾ, ವೋಲ್ಕ್ಲ್‌ನ ಸೀಕ್ರೆಟ್, ಕೆ-ಟೂದ ಮೈಂಡ್‌ಬೆಂಡರ್‌ನ ಹೆಂಗಸರ ಅಳತೆಗಳು ಹೀಗೆ ಹೆಸರಾದವು. ಇವುಗಳಲ್ಲಿ ಸೀಕ್ರೆಟ್ ಬಿರುಸಾದದ್ದು, ಕಾಲು ಗಟ್ಟಿಯಿದ್ದವರಿಗೆ. ಬ್ಲ್ಯಾಕ್ ಪರ್ಲ್ 88ನ್ನು ಇಡೀ ದಿನ ಹಾಕಿ ನೋಡಿದಾಗ ನಾಲ್ಕು ಗಂಟೆಗೂ ನನ್ನ ತೊಡೆ ನನ್ನದೇ ಅನ್ನಿಸಿತ್ತು. ಹಾಗಂತ ಹೆಂಗಸರೆಲ್ಲ ಹೆಂಗಸರ ಸ್ಕೀಯನ್ನೇ ಕೊಳ್ಳಬೇಕೆಂದಿಲ್ಲ. ಎತ್ತರದ, ಗಟ್ಟಿಮುಟ್ಟಾದ ಆಳು ಗಂಡಸರದ್ದೇ ಸರಿ ಅನ್ನಿಸಿದರೆ ಅದನ್ನೇ ತೆಗೆದುಕೊಳ್ಳಲಿ, ಹಿಮಕ್ಕೆ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು. ಸ್ಕೀಗಿಂತ ಮೊದಲು ಬೂಟು. ನನ್ನ ಹತ್ತಿರ ಇರುವ ದುಡ್ಡು ಒಂದಕ್ಕೇ ಸಾಲುತ್ತದೆ ಅನ್ನುವವರು ಬೂಟು ಕೊಂಡು ಸ್ಕೀಯನ್ನು ಬಾಡಿಗೆಗೆ ತೆಗೆದುಕೊಳ್ಳಲಿ. ನಮ್ಮಲ್ಲಿ ಅಡಿಕೆ ಸುಲಿಯಲು ಬರುವ ಹೆಂಗಸರಲ್ಲಿ ಕೆಲವರು ತಮ್ಮ ಮೆಟ್ಟುಗತ್ತಿಯನ್ನು ತಾವೇ ತರುತ್ತಿದ್ದುದು ನೆನಪಿದೆ. ರಾತ್ರಿ ಹತ್ತರವರೆಗೆ ಅಂಗಳದಲ್ಲಿ ಕಾಲಡಿ ಅದನ್ನು ಮೆಟ್ಟಿ ಕೂರಬೇಕು. ಮಣೆ ಅರ್ಧ ಇಂಚು ಎತ್ತರ ಆದರೂ ಸೊಂಟ ಹೇಳುತ್ತದೆ. ಬೂಟೂ ಹಾಗೆಯೇ, ಮೈಗೂ ಹಲಗೆಗೂ ನಡುವೆ ಇರುವುದು ಅದೊಂದೇ. ಅದು ಸಡಿಲವಾದರೆ ಎಷ್ಟು ಒಳ್ಳೆಯ ಸ್ಕೀ ಇದ್ದರೂ ಮಾತು ಕೇಳುವುದಿಲ್ಲ.

ಬೂಟಿನ ಅಂಗಡಿಯಲ್ಲಿ ಒಳ್ಳೆಯ ಕೆಲಸಗಾರ ಮೊದಲು ಮಾಡುವುದು ಒಳಗಿನ ಮೆತ್ತನೆ ಒಳಬೂಟನ್ನು ಹೊರಗೆ ತೆಗೆಯುವುದು. ಬರೀ ಪ್ಲಾಸ್ಟಿಕ್ ಚಿಪ್ಪಿನಲ್ಲಿ ಕಾಲಿಟ್ಟು, ಬೆರಳುಗಳನ್ನು ಮುಂದಕ್ಕೆ ತಾಗಿಸಿ ನಿಂತಾಗ ಹಿಮ್ಮಡಿಯ ಹಿಂದೆ ಎರಡು ಬೆರಳಿನಷ್ಟು, ಅಂದರೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ಜಾಗ ಇರಬೇಕು. ಮುಷ್ಟಿ ಹೋಗುತ್ತದೆ ಅಂದರೆ ಎರಡು ಅಳತೆ ದೊಡ್ಡದು. ನನಗೆ ಮೂರು ವರ್ಷ ಬಾಡಿಗೆಗೆ ಸಿಕ್ಕಿದ್ದೆಲ್ಲ 25ರ ಬೂಟು, ಬೇಕಾಗಿದ್ದು 23.5. ಹೆಂಗಸರ ಮೀನಖಂಡ ಕೆಳಗಿನವರೆಗೆ ಇಳಿದಿರುತ್ತದೆ, ಹಾಗಾಗಿ ಬೂಟಿನ ಮೇಲುಪಟ್ಟಿ ಗಿಡ್ಡ ಇರಬೇಕು, ಇಲ್ಲದಿದ್ದರೆ ಅದು ಕಾಲನ್ನು ಹಿಂಡಿ ರಕ್ತ ಕಟ್ಟಿಸುತ್ತದೆ. ಗಟ್ಟಿತನದ ಅಂಕಿ ಬೂಟಿನ ಮೇಲೆಯೇ ಬರೆದಿರುತ್ತದೆ. ಸುಧಾರಿಸುತ್ತಿರುವ ಹೆಂಗಸಿಗೆ 75ರಿಂದ 95 ಸರಿ, ಆದರೆ ಒಂದು ಕಂಪನಿಯ 80 ಇನ್ನೊಂದರ 90 ಆಗಿರಬಹುದು, ಕಾಲು ಹಾಕಿ ಮುಂದಕ್ಕೆ ಬಾಗಿಯೇ ನೋಡಬೇಕು. ಹೊಸ ಬೂಟು ಮೊದಲ ಅರ್ಧ ಗಂಟೆ ಅಯ್ಯೋ ಅನ್ನಿಸುತ್ತದೆ. ಅಂಗಡಿಯಲ್ಲೇ ಹಾಕಿಕೊಂಡು ಆ ಅರ್ಧ ಗಂಟೆ ಕಳೆಯಿರಿ, ನಾಚಿಕೆ ಬೇಡ.

ಬೈಂಡಿಂಗ್ ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ, ಬಿದ್ದಾಗ ಬಿಟ್ಟುಕೊಡುವ ಯಂತ್ರ. ಎಷ್ಟು ಒತ್ತಡಕ್ಕೆ ಬಿಡಬೇಕು ಎನ್ನುವ ಡಿನ್ ಅಂಕಿಯನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಎಷ್ಟು ಜೋರಾಗಿ ಹೋಗುತ್ತೀರಿ ಎಂಬ ಐದನ್ನು ಕೂಡಿಸಿ ಪಟ್ಟಿ ನೋಡಿ ಹೊಂದಿಸುತ್ತಾರೆ. ಇದನ್ನು ಸ್ಕ್ರೂ ಡ್ರೈವರ್ ಹಿಡಿದು ಮನೆಯಲ್ಲಿ ಮಾಡುವ ಧೈರ್ಯ ಬೇಡ. ಅಂಗಡಿಯಲ್ಲಿ ತೂಕ ಕಡಿಮೆ ಹೇಳುವ ಹೆಂಗಸರೂ, ಚಾತುರ್ಯ ಹೆಚ್ಚು ಹೇಳುವ ಗಂಡಸರೂ ಇದ್ದಾರೆ, ಎರಡೂ ಮೂಳೆಗೆ ಕೆಟ್ಟದ್ದು. ಬೈಂಡಿಂಗ್ ಬಿಟ್ಟುಕೊಟ್ಟರೆ ಕಣಕಾಲಿನ ಮೇಲಿನ ಮೂಳೆ ಉಳಿಯುತ್ತದೆ. ಮೊಣಕಾಲಿನೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಉಳಿಯುತ್ತದೆಂಬ ಖಾತ್ರಿ ಇಲ್ಲ, ಅದು ಹರಿಯುವುದು ಸ್ಕೀಯರ್ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು. ಉದ್ದದ, ಅಗಲದ, ಬಿರುಸಾದ ಸ್ಕೀ ಬೇಡ ಎಂದು ನಾನು ಇಷ್ಟು ಹಟ ಹಿಡಿಯುವುದು ಇದಕ್ಕೇ. ಹಿಂದಕ್ಕೆ ವಾಲಿ ಬೀಳುವುದು ಆ ರಜ್ಜುವಿಗೆ ಮಾರಕ, ಮಾತು ಕೇಳದ ಸ್ಕೀ ಮನುಷ್ಯನನ್ನು ಹಿಂದಕ್ಕೇ ಕೂರಿಸುತ್ತದೆ. ನಮ್ಮ ಕಾಲಿಗಂತೂ ಹುಟ್ಟಿನಿಂದಲೇ ಆ ಅಭ್ಯಾಸ. ಮಳೆಗಾಲದಲ್ಲಿ ತೋಟದ ದರೆ ಇಳಿಯುವಾಗ ಮೈ ಹಿಂದಕ್ಕೆ ಹಾಕುತ್ತೇವೆ. ಸ್ಕೀಯಲ್ಲಿ ಇಳಿಜಾರಿನ ಕಡೆಗೇ ಎದೆ ಕೊಡಬೇಕು. ನನಗೆ ಇದನ್ನು ಕಲಿಯಲು ಎರಡು ವರ್ಷ ಹಿಡಿಯಿತು.

ಇನ್ನು ನಮ್ಮ ಕಡೆಯವರ ವಿಷಯ. ಹಿಮ ಬೀಳದ ರಾಜ್ಯದವರು ಹಿಮದಲ್ಲಿ ಏನು ಮಾಡಿಯಾರು ಎನ್ನುವವರಿಗೆ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಹೆಸರು ಹೇಳಬೇಕು. ಗುಲ್ಮಾರ್ಗ್‌ನಲ್ಲಿ ನಡೆಯುವ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು, 2025ರಲ್ಲಿ ಚಿಲಿ ದೇಶದಲ್ಲಿ 5 ಕಿಲೊಮೀಟರ್ ಸ್ಪರ್ಧೆಯಲ್ಲಿ ಕಂಚು ಗೆದ್ದವರು. ಆದರೆ ಅವರದು ಕ್ರಾಸ್-ಕಂಟ್ರಿ, ಅಂದರೆ ಬಯಲು, ಏರು, ಇಳಿಜಾರು ಎಲ್ಲದರಲ್ಲೂ ತಮ್ಮ ಕಸುವಿನಿಂದಲೇ ಓಡುವ ಆಟ. ಆ ಸ್ಕೀ ಎರಡು ಬೆರಳಿಗಿಂತ ಸ್ವಲ್ಪ ಅಗಲ ಅಷ್ಟೆ, ಬೂಟಿನ ತುದಿ ಮಾತ್ರ ಕಟ್ಟಿರುತ್ತದೆ, ಹಿಮ್ಮಡಿ ಬಿಟ್ಟಿರುತ್ತದೆ. ಅದನ್ನು ನೋಡಿ ಬಂದು ಅಂಥದ್ದೇ ಬೇಕೆಂದು ಇಳಿಜಾರಿನ ಅಂಗಡಿಯಲ್ಲಿ ಕೇಳಿದರೆ ಸಿಗುವುದಿಲ್ಲ. ಇಳಿಜಾರಿನ ಆಟದಲ್ಲಿ ದೇಶಕ್ಕೆ ಮೊದಲ ಅಂತರರಾಷ್ಟ್ರೀಯ ಪದಕ ತಂದದ್ದು ಮನಾಲಿಯ ಆಂಚಲ್ ಠಾಕೂರ್, 2018ರಲ್ಲಿ ಟರ್ಕಿಯ ಎರ್ಜುರುಮ್‌ನಲ್ಲಿ ಕಂಚು. ನಮ್ಮ ದೇಶದಲ್ಲಿ ಎರಡೂ ಬಗೆಯ ಸ್ಕೀಯಲ್ಲಿ ದಾರಿ ತೋರಿಸಿದವರಲ್ಲಿ ಹೆಂಗಸರಿದ್ದಾರೆ ಎಂಬುದನ್ನು ಆಯಿಗೆ ಹೇಳಿದೆ. ‘ಅವು ಗಟ್ಟಿ ಕೂಸ್ಗ’ ಎಂದು ಸುಮ್ಮನಾದಳು.

ಶಿರಸಿಯಿಂದ ಹೊರಡುವ ಹುಡುಗಿಗೆ ಬಾಗಿಲು ಹಲವಿವೆ. ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆಯವರು ಸೋಲಂಗ್ ಇಳಿಜಾರಿನಲ್ಲಿ ಕಲಿಸುತ್ತಾರೆ. ಗುಲ್ಮಾರ್ಗ್‌ನಲ್ಲಿ ಕೇಂದ್ರ ಸರ್ಕಾರದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ. ಉತ್ತರಾಖಂಡದ ಔಲಿಯಲ್ಲೂ ತರಗತಿಗಳು ನಡೆಯುತ್ತವೆ. ರಾಜ್ಯದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯವರಲ್ಲೂ ವಿಚಾರಿಸಬಹುದು. ಇಲ್ಲೆಲ್ಲ ಸಾಮಾನು ಸಿಗುತ್ತದೆ, ಆದ್ದರಿಂದ ಮೊದಲ ಎರಡು ಸಲ ಏನೂ ಕೊಳ್ಳಬೇಡಿ. ಆಮೇಲೂ ಗುಲ್ಮಾರ್ಗ್‌ಗೆ ಹೋಗುವ ಹುಚ್ಚು ಉಳಿದಿದ್ದರೆ ನನಗೆ ಸರಿಹೊಂದಿದ 88ನ್ನು ಮರೆತುಬಿಡಿ. ಅಲ್ಲಿಯ ಗೊಂಡೊಲಾ ರೋಪ್‌ವೇಯ ಎರಡನೇ ಹಂತ ಅಫರ್ವಾತ್ ಬೆಟ್ಟದ ಹೆಗಲಿಗೆ, ಸುಮಾರು 3,950 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಮೇಲೆ ಯಂತ್ರ ಮುಟ್ಟದ ಆಳದ ಹಿಮ. ಅಲ್ಲಿ 100ರ ಮೇಲಿನ ಅಗಲಕ್ಕೆ ಅರ್ಥ ಇದೆ, ಹಿಮಕುಸಿತದ ಅಪಾಯವೂ ಇದೆ, ಗೈಡ್ ಇಲ್ಲದೆ ಹೋಗುವ ಮಾತೇ ಇಲ್ಲ.

ನನ್ನ 168 ಕೊನೆಗೆ ಏನಾಯಿತು? ಮುಕ್ಕಾಲು ದುಡ್ಡು ಕಳೆದುಕೊಂಡು ಮಾರಿದೆ, ಆರಡಿ ಎತ್ತರದ ಕಾಲೇಜು ಹುಡುಗಿಯೊಬ್ಬಳು ಖುಷಿಯಿಂದ ಒಯ್ದಳು. ಅವಳಿಗೆ ಅದು ಹೇಳಿ ಮಾಡಿಸಿದ್ದು. ಎರಡನೇ ಜೋಡಿಯನ್ನು ಮಾರ್ಚ್ ಕೊನೆಯಲ್ಲಿ ಕೊಂಡೆ. ಆಗ ಅಂಗಡಿಯವರಿಗೆ ಚಳಿಗಾಲದ ಸರಕು ಖಾಲಿ ಮಾಡುವ ಅವಸರ. ಹೆಚ್ಚಿನ ಸ್ಕೀಗಳು ಎರಡು ಮೂರು ವರ್ಷ ಒಳಗಿನಿಂದ ಬದಲಾಗುವುದಿಲ್ಲ, ವರ್ಷ ವರ್ಷ ಮೇಲಿನ ಚಿತ್ರ ಬದಲಾಗುತ್ತದೆ, ಹಳೆಯ ಚಿತ್ರದ್ದಕ್ಕೆ ಮೂರನೇ ಒಂದು ಪಾಲು ಕಡಿಮೆ ಬೆಲೆ. ಕೊಳ್ಳುವ ಮೊದಲು ನಾಲ್ಕು ಜೋಡಿಯನ್ನು ಒಂದೊಂದು ದಿನ ಬಾಡಿಗೆಗೆ ತೆಗೆದು ನೋಡಿದ್ದೆ, ಪ್ರತಿಯೊಂದನ್ನೂ ಮಧ್ಯಾಹ್ನ ಎರಡರ ಮೇಲೂ, ಹಿಮ ಗಟ್ಟಿಯಾದ ಹೊತ್ತಿನಲ್ಲಿ. ಬೆಳಿಗ್ಗೆ ಎಲ್ಲ ಸ್ಕೀಯೂ ಒಳ್ಳೆಯದೇ. ಬೂಟು ಕಳಚಿದಾಗ ಸ್ಕೀಯನ್ನು ತಡೆದು ನಿಲ್ಲಿಸುವ ಬೈಂಡಿಂಗಿನ ತಡೆಗಾಲು ಸ್ಕೀಯ ನಡುವಿಗಿಂತ ಹತ್ತು ಮಿಲಿಮೀಟರ್ ಮಾತ್ರ ಅಗಲ ಇದೆಯೇ ಎಂದೂ ಈ ಸಲ ನೋಡಿದೆ, ಮೊದಲ ಸಲ ಅದನ್ನೂ ಬಿಟ್ಟಿದ್ದೆ.

ಮನೆಗೆ ತಂದು ನಿಲ್ಲಿಸಿದಾಗ ಅದು ಸರಿಯಾಗಿ ನನ್ನ ಹುಬ್ಬಿನವರೆಗೆ ಬಂತು. ಗಂಡ ಕೇಳಿದ, ‘ಇನ್ನೊಂದು ಐದು ವರ್ಷಕ್ಕೆ ಇದು ಚಿಕ್ಕದಾಗಲ್ವ?’ ಆದರೆ ಆಗಲಿ ಎಂದೆ. ಮುಂದಿನ ಒಂದು ಚಳಿಗಾಲಕ್ಕಿಂತ ಹೆಚ್ಚಿನ ಲೆಕ್ಕ ಸ್ಕೀ ಕೊಳ್ಳುವಾಗ ಹಾಕಬಾರದು. ಕಳೆದ ವರ್ಷ ಅದರ ಮೇಲೆ ಮೊದಲ ಕಪ್ಪು ವಜ್ರ ಇಳಿದೆ, ಬಿದ್ದದ್ದು ಎರಡೇ ಸಲ.

ಸೋಲಂಗ್‌ಗೋ ಔಲಿಗೋ ಹೊರಡುವ ಕೂಸುಗಳಿಗೆ ಕೊನೆಯದಾಗಿ ಒಂದು ಸಣ್ಣ ಮಾತು. ಆಯಿ ಚೀಲಕ್ಕೆ ತುಂಬುವ ದಪ್ಪ ದಪ್ಪ ಉಣ್ಣೆ ಸಾಕ್ಸುಗಳನ್ನು ಮೆಲ್ಲಗೆ ಹೊರಗಿಡಿ. ಬೂಟಿನೊಳಗೆ ಅವು ಮಡಿಚಿ ಕಾಲು ಹಿಂಡುತ್ತವೆ, ಬೆವರಿಗೆ ಒದ್ದೆಯಾಗಿ ಇನ್ನಷ್ಟು ಚಳಿ ಹಿಡಿಸುತ್ತವೆ. ಮೊಣಕಾಲಿನವರೆಗೆ ಬರುವ ತೆಳು ಉಣ್ಣೆಯ ಸಾಕ್ಸು ಎರಡು ಜೊತೆ ಒಯ್ಯಿರಿ, ಒಂದನ್ನು ಹಾಕಿಕೊಳ್ಳಿ, ಇನ್ನೊಂದು ಒಣಗುತ್ತಿರಲಿ.